ಬೂದಿಯ ಲೆಕ್ಕದಿಂದ ಬಿಟ್ಟುಹೋದ ಊರು

ಎಪ್ಪತ್ತರ ದಶಕದ ನಡುವಿನ ಒಂದು ಚಳಿಗಾಲ ನಮ್ಮ ಸಂಜೆಗಳ ಬಣ್ಣವೇ ಬೇರೆಯಾಗಿತ್ತು. ಸೂರ್ಯ ಮುಳುಗಿ ಎಷ್ಟೋ ಹೊತ್ತಾದರೂ ಪಡುವಣದಲ್ಲಿ ನೇರಳೆಗೆಂಪು ಆರುತ್ತಿರಲಿಲ್ಲ. ಕಡಲಾಚೆಯ ಯಾವುದೋ ದೇಶದಲ್ಲಿ ಅಗ್ನಿಪರ್ವತ ಸಿಡಿದಿತ್ತು. ಅದರ ಬೂದಿ ಮಳೆಮೋಡಗಳಿಗಿಂತ ಎಷ್ಟೋ ಮೇಲೆ ಹರಡಿ ನಮ್ಮ ಯಲಿಯೂರಿನ ನೆತ್ತಿಗೂ ಬಂದಿತ್ತು.

ನಾನಾಗ ಮಂಡ್ಯದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ತಾತ್ಕಾಲಿಕ ಉಪನ್ಯಾಸಕಿ. ಎಂ.ಎಸ್ಸಿಯಲ್ಲಿ ನನಗೆ ಪಾಠ ಹೇಳಿದ್ದ ಬೆಂಗಳೂರಿನ ಪ್ರೊಫೆಸರರು ಆ ಬೂದಿ ಯಾವ ಗಾಳಿಗೆ ಸಿಕ್ಕಿ ಎತ್ತ ಹೋಗುತ್ತದೆ, ಎಷ್ಟು ಕಾಲ ನಿಲ್ಲುತ್ತದೆ ಎಂದು ಲೆಕ್ಕ ಕಟ್ಟುತ್ತಿದ್ದರು. ಉಪಗ್ರಹದ ಚಿತ್ರಗಳಲ್ಲಿ ಬೂದಿ ಮೊದಲ ಕೆಲವು ದಿನ ಮಾತ್ರ ಕಾಣುತ್ತಿತ್ತು, ಆಮೇಲೆ ತೆಳುವಾಗಿ ಕಣ್ಮರೆಯಾಗುತ್ತಿತ್ತು. ಅಲ್ಲಿಂದ ಮುಂದಕ್ಕೆ ನೆಲದ ಮೇಲೆ ನಿಂತು ಅಳೆಯುವವರು ಬೇಕು. ಬಿಸಿಲು ಎಷ್ಟು ಕುಂದಿದೆ ಎಂದು ತೋರಿಸುವ ಸಣ್ಣ ಮಾಪಕವೊಂದನ್ನು ನನ್ನ ಕೈಗಿಟ್ಟು, "ದಿನಾ ಸಂಜೆ ಅಳೆದು ಕಳಿಸಿ. ಪ್ರಬಂಧದಲ್ಲಿ ನಿಮ್ಮ ಹೆಸರೂ ಇರುತ್ತೆ" ಎಂದರು.

ಗಂಡ ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿದ್ದರು, ಶನಿವಾರಕ್ಕೊಮ್ಮೆ ಬರುತ್ತಿದ್ದರು. ಮನೆಯಲ್ಲಿ ನಾನು, ಅತ್ತೆ, ಮಾವ. ತಾರಸಿ ಹತ್ತಿ ಮಾಪಕ ಹಿಡಿದರೆ ಸರಿಯಾಗಿ ಪಡುವಣಕ್ಕೆ ಮಾವನ ಆಲೆಮನೆ. ಕೊಪ್ಪರಿಗೆಯ ಕೆಳಗೆ ಕಬ್ಬಿನ ಸಿಪ್ಪೆ ಉರಿದ ಹೊಗೆ ಇಳಿಬಿಸಿಲಿಗೆ ಅಡ್ಡ ನಿಲ್ಲುತ್ತಿತ್ತು. ಅಗ್ನಿಪರ್ವತದ್ದೆಷ್ಟು, ನಮ್ಮ ಬೆಲ್ಲದ್ದೆಷ್ಟು ಎಂದು ಮಾಪಕ ಬೇರೆ ಮಾಡಿ ಹೇಳುವುದಿಲ್ಲ. ಕೆಲವು ದಿನ ಅಳೆದದ್ದನ್ನೆಲ್ಲ ಹರಿದು ಹಾಕಿ ಕೊನೆಗೆ ಮಾವನನ್ನೇ ಕೇಳಿದೆ.

"ಮಾವ, ಸಂಜೆ ಹೊತ್ತು ಒಲೆ ಆರಿಸೋಕಾಗುತ್ತಾ? ಕತ್ತಲಾದ ಮೇಲೆ ಹಚ್ಚಬಹುದು."

ಅವರು ಕಬ್ಬಿನ ಹೊರೆ ಇಳಿಸುತ್ತಿದ್ದವರು ನಿಂತರು. "ಅದ್ಯಾವ್ದೋ ದೇಸದ ಬೂದಿ ನೋಡಕ್ಕೆ ನನ್ನೊಲೆ ಆರುಸ್ಬೇಕಾ?"

"ಹೊಗೆ ಇದ್ದರೆ ಲೆಕ್ಕ ಸುಳ್ಳಾಗುತ್ತೆ ಮಾವ."

ಹೊರೆಯನ್ನು ಕೆಳಗಿಟ್ಟರು. "ಸುಳ್ಳು ಲೆಕ್ಕ ಕೊಡಬ್ಯಾಡ ಬುಡವ್ವ. ಆರುಸ್ತೀನಿ."

ಆ ಹಂಗಾಮು ಮುಗಿಯುವವರೆಗೂ ಆರಿಸಿದರು. ಆಳುಗಳು ಗೊಣಗಿದರು. ಹಿಂಡಿದ ಕಬ್ಬಿನ ಹಾಲು ಒಲೆಗೆ ಕಾದು ಹುಳಿಯಾಯಿತು, ಬೆಲ್ಲ ಕಪ್ಪಿಟ್ಟಿತು. ಮಂಡ್ಯದ ಮಂಡಿಯವರು ಅಚ್ಚು ಮುರಿದು ನೋಡಿ ಮುಖ ತಿರುಗಿಸಿದರು. "ಸೊಸೆ ಮಾತ್ಗೆ ಒಲೆ ಆರುಸೋನು ಕಣ್ಲಾ ಇವ್ನು" ಎಂದು ಊರವರು ಅರಳಿಕಟ್ಟೆಯಲ್ಲಿ ನಕ್ಕರು. ಮಾವ ಆ ಮಾತನ್ನು ಮನೆಗೆ ತರಲಿಲ್ಲ, ನನಗದು ಅತ್ತೆಯಿಂದ ಗೊತ್ತಾಯಿತು. ನಾನು ಅಳೆದೆ, ಕಳಿಸಿದೆ. ಸಂಜೆ ಒಲೆ ಆರಿಸಿಯೇ ಅಳೆಯುತ್ತಿದ್ದೇನೆ ಎಂದು ಪ್ರೊಫೆಸರರಿಗೆ ಪ್ರತಿ ಸಲವೂ ತಿಳಿಸಿದೆ.

ಬೇಸಗೆಯಲ್ಲಿ ಬೆಂಗಳೂರಿನಲ್ಲಿ ಸಭೆ. ನಾನೂ ಹೋದೆ. ಪ್ರೊಫೆಸರರು ಉಪಗ್ರಹದ ಚಿತ್ರ ತೋರಿಸಿದರು, ಆಮೇಲೆ ತಮ್ಮ ಲೆಕ್ಕದ ಗೆರೆ, ಅದರ ಮೇಲೆ ನೆಲದ ಅಳತೆಯ ಚುಕ್ಕಿಗಳು. ಯಲಿಯೂರಿನ ಚುಕ್ಕಿ ಒಂದೂ ಇರಲಿಲ್ಲ. ಹಳ್ಳಿಯ ಅಳತೆಯಲ್ಲಿ ಒಲೆಹೊಗೆ ಬೆರೆತಿರುವುದರಿಂದ ಅದನ್ನು ಕೈಬಿಟ್ಟಿದ್ದೇವೆ ಎಂದು ಒಂದೇ ಮಾತಿನಲ್ಲಿ ಮುಂದೆ ಹೋದರು.

ಟೀ ಹೊತ್ತಿಗೆ ಹತ್ತಿರ ಹೋದೆ. "ನಮ್ಮ ಮಾವ ಒಲೆ ಆರಿಸ್ತಿದ್ರು ಸರ್. ತಿಳಿಸಿದ್ದೆನಲ್ಲ."

"ನೋಡಿಯಮ್ಮ, ಮಾವನವರು ಒಲೆ ಆರಿಸಿದರು ಅಂತ ಪ್ರಬಂಧದಲ್ಲಿ ಬರೆಯೋಕಾಗುತ್ತಾ?"

ಸುತ್ತ ನಿಂತವರು ನಕ್ಕರು. ನಾನು ಕಪ್ಪು ಕೆಳಗಿಟ್ಟು ಹೊರಬಂದೆ. ನನ್ನ ಅಳತೆಯ ಪ್ರಕಾರ ಬೂದಿ ಅವರು ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚು ಕಾಲ ನಮ್ಮ ಮೇಲೆ ನಿಂತಿತ್ತು. ಹೊಗೆಯ ನೆಪ ಬೇಕಾದದ್ದು ಅದಕ್ಕೇ ಇರಬಹುದು. ಇರದೆಯೂ ಇರಬಹುದು. ಹಳ್ಳಿಯೆಂದರೆ ಹೊಗೆ ಎಂದು ಅವರು ಪ್ರಾಮಾಣಿಕವಾಗಿಯೇ ನಂಬಿದ್ದರೇನೋ. ಎರಡರಲ್ಲಿ ಯಾವುದು ಹೆಚ್ಚು ಕೀಳು ಎಂದು ನನಗೆ ಇಂದಿಗೂ ತಿಳಿಯದು.

ರೈಲಿಳಿದು ಮನೆಗೆ ಬಂದಾಗ ಮಾವ ಜಗುಲಿಯಲ್ಲಿ ಕೂತಿದ್ದರು. "ಏನಂದ್ರವ್ವ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಒಂದ್ಸಲ ಬಂದು ನೋಡಿದ್ರೆ ಆಯ್ತಿತ್ತಲ್ಲ" ಎಂದರು ಮಾವ. "ರೈಲು ಇಲ್ಲೇ ನಿಲ್ತದೆ."

ಅಷ್ಟೇ. ಮುಂದಿನ ಹಂಗಾಮಿಗೆ ಒಲೆ ಸಂಜೆಯೂ ಉರಿಯಿತು. ಆಕಾಶದ ಸುದ್ದಿಯನ್ನು ಅವರು ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮಾಪಕವನ್ನು ಪಾರ್ಸೆಲ್ ಮಾಡಿ ವಾಪಸು ಕಳಿಸಿದೆ. ತಲುಪಿತೆಂದು ಕೂಡ ಯಾರೂ ತಿಳಿಸಲಿಲ್ಲ. ಕಾಲೇಜಿನವರು ನನ್ನ ಕೆಲಸ ಮುಂದುವರಿಸಲಿಲ್ಲ. ಮದ್ದೂರಿನ ಒಂದು ಹೈಸ್ಕೂಲಿಗೆ ಸೇರಿದೆ. ಅಲ್ಲಿ ಅಗ್ನಿಪರ್ವತದ ಪಾಠ ಬಂದಾಗ, ಬೂದಿ ಎಲ್ಲಿಗೆ ಹೋಗುತ್ತೆ ಮಿಸ್ ಎಂದು ಮಕ್ಕಳು ಕೇಳುತ್ತಿದ್ದರು. ಗಾಳಿ ಬೀಸಿದ ಕಡೆಗೆ ಎಂದು ಹೇಳಿ ಪುಟ ತಿರುಗಿಸುತ್ತಿದ್ದೆ.