ಗೇಟಿನ ಮೇಲಿನ ಕೈ

ಮೊನ್ನೆ ಕೆಂಗೇರಿ ಉಪನಗರದ ಹಾರ್ಡ್‌ವೇರ್ ಅಂಗಡಿಯವರು ನನಗಾಗಿ ಬಣ್ಣವಿಲ್ಲದ ಮೆರುಗೆಣ್ಣೆಯ, ಅಂದರೆ ಕ್ಲಿಯರ್ ಲ್ಯಾಕರಿನ, ಡಬ್ಬಿಯ ಮುಚ್ಚಳ ತೆಗೆದು ತೋರಿಸಿದರು. ಆ ಘಾಟು ಮೂಗಿಗೆ ಬಡಿದದ್ದೇ ಹೊಸಹಳ್ಳಿಯ ನನ್ನ ಸೋದರಮಾವ ಎದುರಿಗೆ ಬಂದು ನಿಂತ ಹಾಗಾಯಿತು. ಸಾಂಬಾರಿನ ಪರಿಮಳಕ್ಕೆ, ಮಲ್ಲಿಗೆಯ ವಾಸನೆಗೆ ನೆನಪಾಗುವ ನೆಂಟರು ನಿಮಗೂ ಇರಬಹುದು. ನಮ್ಮ ಮಾವನನ್ನು ನೆನೆಯಲು ಲ್ಯಾಕರೇ ಬೇಕು.

ಮಾವ ಕಾರ್ಖಾನೆಯ ಲೇತ್ ಮುಂದೆ ನಿಂತು ನಿವೃತ್ತರಾದವರು. ಯಂತ್ರಕ್ಕೆ ಸಿಕ್ಕಿದ ಬಲಗೈ ಕಿರುಬೆರಳು ಸೊಟ್ಟಗೆ ಹೊರಕ್ಕೆ ಚಾಚಿಕೊಂಡಿತ್ತು. ಹಿಂದೆ ಹೊಸಹಳ್ಳಿಯಲ್ಲೇ ಹೊಲ ಉಳುತ್ತಿದ್ದ ಮನೆತನ. ಹೊಲ ಹೋಗಿ ಬೀದಿಯಾದರೂ ಉಳುಮೆ ಮುಗಿದ ಮೇಲೆ ಎತ್ತಿನ ಬೆನ್ನು ತಟ್ಟುವ ಅಭ್ಯಾಸ ಮಾತ್ರ ಕೈಯಲ್ಲಿ ಉಳಿದಿತ್ತು. ಕೆಲಸ ಮುಗಿದರೆ ಸ್ಕೂಟರನ್ನೂ ತಟ್ಟುವರು, ಮಿಕ್ಸಿಯನ್ನೂ ತಟ್ಟುವರು.

ಕಾಮಾಕ್ಷಿಪಾಳ್ಯದ ವರ್ಕ್‌ಶಾಪಿನಲ್ಲಿ ಮನೆಗೆ ದಪ್ಪ ತಗಡಿನ ಹೊಸ ಗೇಟು ಮಾಡಿಸಿ ತಂದಾಗ ಅತ್ತೆ ಹಸಿರು ಪೇಂಟ್ ತಂದಿಟ್ಟರು. "ಹೊಳೆಯೋ ಕಬ್ಬಿಣಕ್ಕೆ ಪೇಂಟ್ ಯಾಕೇ? ಲ್ಯಾಕರ್ ಹೊಡೀತೀನಿ, ಹಂಗೇ ಇರುತ್ತೆ" ಎಂದರು ಮಾವ. ಯುಗಾದಿಯೊಳಗೆ ಒಂದು ಚುಕ್ಕೆ ತುಕ್ಕು ಕಂಡರೂ ಗೇಟು ಹಸಿರು ಎಂದು ಅತ್ತೆ ಷರತ್ತು ಹಾಕಿದರು. ಮಾವ ಬೀದಿಗೆಲ್ಲ ಕೇಳುವಂತೆ ಒಪ್ಪಿಕೊಂಡರು. ಅಲ್ಲಿಗೆ ಅದು ಮಾವನ ಮರ್ಯಾದೆಯ ಪ್ರಶ್ನೆಯಾಯಿತು.

ಉಜ್ಜಿದ್ದೇ ಉಜ್ಜಿದ್ದು. ಕೊನೆಗೆ ಥಿನ್ನರಿನಲ್ಲಿ ಒರೆಸಿ, "ಯಾರೂ ಮುಟ್ಬೇಡಿ, ಬೆವರು ತಾಕಿದ್ರೆ ಲ್ಯಾಕರ್ ಕೆಳಗೇ ತುಕ್ಕು ಹಿಡಿಯುತ್ತೆ" ಎಂದು ನಮ್ಮನ್ನೆಲ್ಲ ರಸ್ತೆಯಾಚೆ ನಿಲ್ಲಿಸಿ ಲ್ಯಾಕರ್ ಹೊಡೆದರು. ಗೇಟಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ನಾನು ಬಾಚಿಯೂ ನೋಡಿದೆ. ಆಗಿನ್ನೂ ಬಾಚುವಷ್ಟು ಕೂದಲಿತ್ತು.

ಸಂಕ್ರಾಂತಿ ಕಳೆದ ಮೇಲೆ ಗೇಟಿನ ನಡುವೆ ಕಂದು ಬಣ್ಣದ ಅಂಗೈಯೊಂದು ನಿಧಾನವಾಗಿ ಮೂಡಿತು. ಆಮೇಲೆ ಬೆರಳುಗಳು ಮೂಡಿದವು. "ಇದು ತುಕ್ಕಲ್ಲ, ಪಿತೂರಿ" ಎಂದರು ಮಾವ. ಅಂದಿನಿಂದ ಆ ಮನೆಗೆ ಬಂದವರೆಲ್ಲ ಗುರುತಿನ ಮೇಲೆ ಕೈಯಿಟ್ಟು ತಮ್ಮದಲ್ಲವೆಂದು ತೋರಿಸಿ ಒಳಗೆ ಬರಬೇಕಾಯಿತು. ಹಾಲಿನವರು ಇಟ್ಟರು, ಮೇಲಿನ ಮನೆಯ ಆಂಟಿ ಬಳೆ ಸರಿಸಿಕೊಂಡು ಇಟ್ಟರು. ಊಟ ತಂದ ಹುಬ್ಬಳ್ಳಿ ಕಡೆಯವನೊಬ್ಬ, "ನಾ ಓಟಿಪಿ ಕೇಳಿದ್ರ ಇವ್ರು ಕೈ ಕೇಳ್ತಾರಲ್ರೀ" ಎಂದು ಗೊಣಗುತ್ತಲೇ ಇಟ್ಟ. ಗುರುತಿನ ಕಿರುಬೆರಳು ಸೊಟ್ಟಗಿದ್ದದ್ದು ಇಡೀ ಬೀದಿಗೆ ಕಂಡಿತ್ತು. ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ನನಗಂತೂ ಇರಲೇ ಇಲ್ಲ, ಅವರ ಮನೆಯ ಒಬ್ಬಟ್ಟಿನ ಮೇಲೆ ನನಗೆ ಕಣ್ಣಿತ್ತು.

ಯುಗಾದಿಯ ದಿನ ಅತ್ತೆಯೇ ಹೇಳಿದರು. "ರೀ, ಬೀದಿಯವ್ರ ಕೈಯೆಲ್ಲ ಮುಗೀತು. ನಿಮ್ದೊಂದು ಬಾಕಿ ಇದೆ."

ಮಾವ ಕೈಯಿಟ್ಟರು. ಸೊಟ್ಟ ಬೆರಳಿನ ಸಮೇತ ಸರಿಯಾಗಿ ಕೂತಿತು. ಉಜ್ಜಿ ಒರೆಸಿದ ಗೇಟನ್ನು ಲ್ಯಾಕರ್ ಹೊಡೆಯುವ ಮೊದಲೇ ಎತ್ತಿನ ಬೆನ್ನು ತಟ್ಟುವ ಹಾಗೆ ತಟ್ಟಿಬಿಟ್ಟಿದ್ದರು. "ಇಂಥ ಕೈ ಊರಲ್ಲಿ ಎಷ್ಟಿಲ್ಲ ಕಣೇ" ಎಂದರು, ಕೈ ತೆಗೆಯದೆ.

ಮರುದಿನ ಅವರೇ ಹಸಿರು ಡಬ್ಬಿ ತೆರೆದು ಬಳಿಯತೊಡಗಿದರು. ಬ್ರಷ್ಷು ಆ ಗುರುತಿನ ಹತ್ತಿರ ಬಂದಾಗ ಅತ್ತೆ ತಡೆದರು. "ಅಲ್ಲಿಗೆ ಸಾಕು."

"ಷರತ್ತು?"

"ಗೆದ್ದೋಳು ನಾನು. ಎಲ್ಲಿ ಬಳೀಬೇಕು ಅಂತ ನಾನ್ ಹೇಳ್ತೀನಿ."

ಹೋದ ವರ್ಷ ಮಾವ ತೀರಿಕೊಂಡರು. ಹಸಿರು ಗೇಟಿನ ನಡುವೆ ಅವರ ಕೈ ಹಾಗೇ ಇದೆ. ಮೊನ್ನೆ ಅತ್ತೆ ಫೋನು ಮಾಡಿ, "ಕಿರುಬೆರಳ ಹತ್ರ ತುಕ್ಕು ಉದುರ್ತಾ ಇದೆ ಕಣೋ, ಲ್ಯಾಕರ್ ತಗೊಂಡ್ ಬಾ" ಎಂದರು. ಅದಕ್ಕೇ ನಾನು ಅಂಗಡಿಗೆ ಹೋಗಿದ್ದು.

ಅತ್ತೆಯ ಮನೆಗೆ ಹೋಗಿ ಗೇಟಿನ ಮುಂದೆ ಕೂತು, ಮೊದಲು ತುಕ್ಕು ಉಜ್ಜೋಣವೆಂದು ಉಪ್ಪುಕಾಗದ ತೆಗೆದೆ. ಅತ್ತೆ ಕಿತ್ತುಕೊಂಡರು. "ತುಕ್ಕು ಹೋಗ್ಬಾರ್ದು ಅಂತಾನೇ ಅಲ್ವೇನೋ ಹೊಡೀತಿರೋದು?"

ಬ್ರಷ್ಷನ್ನು ಒತ್ತದೆ, ಬೆರಳು ಬೆರಳಿಗೂ ಲ್ಯಾಕರ್ ಹಚ್ಚಿದೆ. ಇಂಥ ಕೆಲಸ ಕಂಡಿದ್ದರೆ ಮಾವ ನನ್ನನ್ನು ಬೀದಿಯಲ್ಲೇ ಬೈಯುತ್ತಿದ್ದರು. ಬೈಸಿಕೊಳ್ಳಬೇಕೆಂದು ಬಹಳ ಆಸೆಯಾಯಿತು. ಮುಗಿಸಿ ಎದ್ದಾಗ ನನ್ನ ಕೈ ತಾನಾಗಿ ಗೇಟಿನ ಕಡೆ ಹೋಗುತ್ತಿತ್ತು.

"ಒಣಗ್ಲಿ ತಡಿ," ಎಂದರು ಅತ್ತೆ, "ಆಮೇಲೆ ತಟ್ಟೀಯಂತೆ."