ಒಂದೇ ಸೀಟು ಇಬ್ಬರಿಗೆ ಮಾರಿದ ದಿನ

ಬಸ್ ಕಂಪನಿಯ ಆಫೀಸಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ಅವಳನ್ನು ಎಲ್ಲರೂ ಗುಡುಗಕ್ಕ ಎನ್ನುತ್ತಿದ್ದರು. ಸರ್ವರ್ ಕೋಣೆಯ ಫ್ಯಾನುಗಳ ಗದ್ದಲದಲ್ಲಿ ವರ್ಷಗಟ್ಟಲೆ ಕೂಗಿ ಮಾತಾಡಿ ಅವಳ ಗಂಟಲು ಹಾಗೇ ಕುದುರಿಕೊಂಡಿತ್ತು. ಮನೆಯಲ್ಲಿ "ಉಪ್ಪು ಕೊಡ್ರೀ" ಎಂದು ಗಂಡನಿಗೆ ಹೇಳಿದರೆ ಪಕ್ಕದ ಮನೆಯವರ ಕೈ ಉಪ್ಪಿನ ಡಬ್ಬಿಗೆ ಹೋಗುತ್ತಿತ್ತು. ಅತ್ತೆಗೆ ಮಾತ್ರ ಈ ಗಂಟಲು ಬಲು ಇಷ್ಟ. ಅವರಿಗೆ ಕಿವಿ ಮಂದ. ಮನೆಯಲ್ಲಿ ಬಾಯಿಬಿಟ್ಟು ಮಾತಾಡುವವಳು ಸೊಸೆ ಒಬ್ಬಳೇ, ಉಳಿದವರೆಲ್ಲ ಗೊಣಗುವವರು ಎಂದು ಅವರ ತೀರ್ಮಾನ.

ಟಿಕೆಟ್ ಬುಕಿಂಗಿನ ಸರ್ವರ್‌ಗೆ ವಯಸ್ಸಾಗಿತ್ತು. ಮನಸ್ಸು ಬಂದಾಗ ಮಲಗಿಬಿಡುತ್ತಿತ್ತು. ಕೊನೆಗೂ ಮ್ಯಾನೇಜರ್ ಇನ್ನೊಂದನ್ನು ತರಿಸಿದರು. ಒಂದು ಮಲಗಿದರೆ ಇನ್ನೊಂದು ತಾನಾಗಿಯೇ ಕೆಲಸ ಎತ್ತಿಕೊಳ್ಳುವಂಥ ಸಾಫ್ಟ್‌ವೇರನ್ನು ಗುಡುಗಕ್ಕ ಎರಡಕ್ಕೂ ಹಾಕಿದಳು. ಎರಡೂ ಒಂದು ಹಳದಿ ಕೇಬಲ್ಲಿನ ಮೂಲಕ "ಇದ್ದೀಯಾ?" "ಇದ್ದೀನಿ" ಎಂದು ಸದಾ ವಿಚಾರಿಸಿಕೊಳ್ಳುತ್ತಿರಬೇಕು. ಉತ್ತರ ಬರದಿದ್ದರೆ ಹಳೆಯದು ಸತ್ತಿದೆ ಎಂದುಕೊಂಡು ಹೊಸದು ಯಜಮಾನಿಕೆ ವಹಿಸಿಕೊಳ್ಳುತ್ತದೆ. ಈ ಮಾತುಕತೆಗೆ ಎರಡು ಕೇಬಲ್ ಹಾಕಿ ಎಂದು ಸೂಚನೆಯಲ್ಲಿ ದಪ್ಪಕ್ಷರದಲ್ಲಿತ್ತು. ಆದರೆ ಎರಡನೆಯದನ್ನು ಎಳೆಯಲು ಯಂತ್ರಗಳ ಹಿಂದಿನ ಧೂಳಿನಲ್ಲಿ ತೆವಳಬೇಕಿತ್ತು, ಅಂದು ಅವಳು ಹಾಕಿಕೊಂಡಿದ್ದದ್ದು ಬಿಳಿ ಪ್ಯಾಂಟು. "ನಾಳೆ ನೋಡೋಣ" ಎಂದಳು. ಆ ನಾಳೆ ಬರಲೇ ಇಲ್ಲ.

ಒಂದು ದಿನ ಬೆಳಿಗ್ಗೆ ಕಂಪನಿಯ ನಿರ್ದೇಶಕರು ಹೊಸ ವ್ಯವಸ್ಥೆ ನೋಡಲು ಬಂದರು. ಮ್ಯಾನೇಜರ್ ಸರ್ವರ್ ಕೋಣೆಯಲ್ಲಿ ಹಳೆಯ ಯಂತ್ರವನ್ನು ಆಫ್ ಮಾಡಬೇಕು, ಗುಡುಗಕ್ಕ ಬಸ್ ಸ್ಟ್ಯಾಂಡಿನ ಕೌಂಟರಿನಲ್ಲಿ ನಿಂತು ಟಿಕೆಟ್ ಬರುತ್ತಿದೆಯೇ ನೋಡಬೇಕು ಎಂದಾಗಿತ್ತು.

"ಎಳೆದೆ! ನಡೀತಿದೆಯಾ?" ಮ್ಯಾನೇಜರ್ ಫೋನಿನಲ್ಲಿ ಕೇಳಿದರು.

"ಬೆಣ್ಣೆ ಥರ ನಡೀತಿದೆ ಸಾರ್!"

ಆ ಕಡೆ ಚಪ್ಪಾಳೆ ಕೇಳಿಸಿತು. "ಎಳೆದೆ" ಎಂದರೆ ಏನನ್ನು ಎಂದು ಕೇಳಬೇಕೆಂದು ಅವಳಿಗೆ ಹೊಳೆಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬಸ್ಸುಗಳಲ್ಲಿ ಕೂಗಾಟ ಶುರುವಾಯಿತು. ಪ್ರತಿ ಸೀಟಿಗೂ ಇಬ್ಬರು ವಾರಸುದಾರರು. ತಂಗಿಯ ಮನೆಗೆ ಹೊರಟಿದ್ದ ಅತ್ತೆ ಮೊದಲ ಬಸ್ಸಿನ ಕಿಟಕಿ ಪಕ್ಕ ಆರಾಮಾಗಿ ಕೂತಿದ್ದರು. ಅದೇ ಸೀಟಿನ ಟಿಕೆಟ್ ಹಿಡಿದ ವಕೀಲನೊಬ್ಬ ಎದುರಿಗೆ ನಿಂತಿದ್ದ.

"ಅಮ್ಮಾ, ಇದು ನನ್ ಸೀಟು!"

"ಲೇಟಾ? ಇಲ್ಲಪ್ಪ, ಇನ್ನೇನು ಹೊರಡುತ್ತೆ. ಎಲ್ಲಾದ್ರೂ ಕೂತ್ಕೋ."

ಗುಡುಗಕ್ಕ ಓಡಿ ಬಂದು ಎರಡೂ ಟಿಕೆಟ್ ನೋಡಿದಳು. ಮ್ಯಾನೇಜರಿಗೆ ಫೋನ್ ಮಾಡಿದಳು. "ಸಾರ್, ಬೆಳಿಗ್ಗೆ ಎಳೆದದ್ದು ಏನು?"

"ಅದೇ, ಹಳೇದರ ಆ ಹಳದಿ ಕೇಬಲ್ಲು. ಕರೆಂಟಿನದು ಅದೇ ಅಲ್ವಾ?"

ಎರಡು ಸರ್ವರ್‌ಗಳೂ ಗುಂಡುಕಲ್ಲಿನ ಹಾಗೆ ಬದುಕಿದ್ದವು. ಮಾತು ನಿಂತದ್ದರಿಂದ ಹೊಸದೂ ಯಜಮಾನಿಕೆಗೆ ಎದ್ದಿತ್ತು. ಅರ್ಧ ಕೌಂಟರುಗಳಿಗೆ ಒಂದು, ಉಳಿದರ್ಧಕ್ಕೆ ಇನ್ನೊಂದು, ಅವೇ ಸೀಟುಗಳನ್ನು ಹುಮ್ಮಸ್ಸಿನಿಂದ ಮಾರುತ್ತಿದ್ದವು.

"ಹೊಸದನ್ನ ಆಫ್ ಮಾಡಿ, ಬುಕಿಂಗ್ ನಿಲ್ಲಿಸಿ. ಡಿಪೋದಲ್ಲಿರೋ ಬಸ್ಸೆಲ್ಲ ಕಳಿಸಿ" ಎಂದಳು.

"ಎಲ್ಲಾನಾ?"

"ಬಸ್ ಕಂಪನಿ ಸಾರ್ ನಮ್ದು! ಬಸ್ಸಿಗೂ ಬರಾನಾ?"

ಆಮೇಲೆ ಒಂದು ಬೆಂಚು ಹತ್ತಿ ನಿಂತಳು. "ತಪ್ಪು ನಮ್ದು! ಟಿಕೆಟ್ ಇರೋ ಒಬ್ಬರನ್ನೂ ಬಿಟ್ಟು ಹೋಗಲ್ಲ! ಬೇರೆ ಬಸ್ ಬರ್ತಿದೆ!" ಮೈಕಿಲ್ಲದೆ ಇಡೀ ಸ್ಟ್ಯಾಂಡಿಗೆ ಕೇಳಿಸಿತು. ಜಗಳವಾಡುತ್ತಿದ್ದವರು ಬಾಯಿ ಮುಚ್ಚಿದರು. ವಕೀಲ ಮುಖ ಊದಿಸಿಕೊಂಡು ಕೆಳಗಿಳಿದ. ಅತ್ತೆ ಕಿಟಕಿಯಿಂದ ಕೈ ಬೀಸಿ, "ಜೋರಾಗಿ ಹೇಳು ಕಣೇ, ಹಿಂದಿನವರಿಗೆ ಕೇಳಿಸ್ತಿಲ್ಲ" ಎಂದರು.

ಮರುದಿನ ಮ್ಯಾನೇಜರ್ ಸಪ್ಪೆ ಮೋರೆ ಹಾಕಿಕೊಂಡು ಬಂದರು. ಅವಳು ಬೈಯಲಿಲ್ಲ. "ನೀವು ಎಳೀಬಾರದ್ದನ್ನ ಎಳೆದ್ರಿ, ನಾನು ಎಳೀಬೇಕಾದ್ದನ್ನ ಎಳೀಲಿಲ್ಲ. ಬನ್ನಿ ಸಾರ್, ಟಾರ್ಚ್ ಹಿಡೀರಿ" ಎಂದು ಧೂಳಿಗೆ ನುಗ್ಗಿದಳು. ಎರಡನೇ ಕೇಬಲ್ಲು ಎಳೆದದ್ದಾಯಿತು. ಜೊತೆಗೆ, ಎರಡು ಸರ್ವರ್‌ಗಳಲ್ಲಿ ಯಜಮಾನ ಯಾರು ಎಂದು ತೀರ್ಪು ಹೇಳುವುದಕ್ಕೆಂದೇ ಮೂರನೆಯದೊಂದು ಪುಟಾಣಿ ಯಂತ್ರವೂ ಬಂತು.

ಕೆಲವು ತಿಂಗಳ ನಂತರ ಹಳೆಯ ಸರ್ವರ್ ನಿಜವಾಗಿಯೇ ಕಣ್ಣು ಮುಚ್ಚಿತು. ಆಗ ಗುಡುಗಕ್ಕ ಪಾರ್ಲರಿನಲ್ಲಿ ತಲೆಗೆ ಬಣ್ಣ ಮೆತ್ತಿಸಿಕೊಂಡು ಕೂತಿದ್ದಳು. ಫೋನಿಗೆ ಸಂದೇಶ ಬಂತು: ಹೊಸದು ಕೆಲಸ ವಹಿಸಿಕೊಂಡಿದೆ. ಕೌಂಟರಿಗೆ ಫೋನ್ ಮಾಡಿ ಕೇಳಿದರೆ, ಅಲ್ಲಿನ ಗುಮಾಸ್ತ "ಯಾಕಕ್ಕ, ಏನಾದ್ರೂ ಆಗಬೇಕಿತ್ತಾ?" ಎಂದ.

"ಏನಿಲ್ಲ ಬಿಡು" ಎಂದು ಫೋನ್ ಮಡಿಲಲ್ಲಿಟ್ಟುಕೊಂಡಳು. "ಕಿವಿ ಹತ್ರ ಇನ್ನೊಂಚೂರು ಹಚ್ಚಮ್ಮ."