ಹುಣಸೆ ನೀರಲ್ಲಿ ತೊಳೆದ ಬಸವನಹುಳು

ನಾನು ಮೊದಲು ಕಂಡ ಸಮುದ್ರದಲ್ಲಿ ಒಂದು ಹನಿಯೂ ನೀರಿರಲಿಲ್ಲ. ಹಿಮಾಲಯದ ಆಚೆ ಮಗ್ಗುಲಿನ ಸ್ಪಿತಿ ಸೀಮೆಯಲ್ಲಿ, ಪಿನ್ ಕಣಿವೆಯ ಬೋಳು ಗುಡ್ಡದ ಮೇಲೆ, ನಾಲ್ಕು ಹೆಜ್ಜೆಗೊಮ್ಮೆ ಕೂತು ಉಸಿರು ಎಳೆದುಕೊಳ್ಳಬೇಕಾದ ಎತ್ತರದಲ್ಲಿ ಅದು ಕಲ್ಲಾಗಿ, ಪದರ ಪದರವಾಗಿ ನಿಂತಿತ್ತು. ನಮ್ಮ ಸರ್ ಸುತ್ತಿಗೆಯ ತುದಿಯಿಂದ ತೋರಿಸಿ, "ಇದು ಸಮುದ್ರದ ತಳ" ಎಂದರು. ಬಗ್ಗಿ ನೋಡಿದರೆ ಕಲ್ಲಿನೊಳಗೆ ಸುರುಳಿ ಸುತ್ತಿಕೊಂಡ ಬಸವನಹುಳು. ಆರ್ಡೋವಿಶಿಯನ್ ಎಂಬ ಕಾಲದ್ದು, ಸುಮಾರು ನಲವತ್ತೈದು ಕೋಟಿ ವರ್ಷ ಹಳೆಯದು. ಬೆರಗಾಗಬೇಕಿತ್ತು. ನನಗೆ ಬಂದದ್ದು ಸಿಟ್ಟು. ಹೊಳಲ್ಕೆರೆ ತಾಲ್ಲೂಕಿನಲ್ಲಿ ಹುಟ್ಟಿ ಮಂಗಳೂರಿನ ಕಡಲನ್ನೂ ಕಾಣದವಳಿಗೆ ಸಮುದ್ರ ತೋರಿಸುವುದಾದರೆ ಒದ್ದೆಯಾದದ್ದನ್ನೇ ತೋರಿಸಬಾರದಿತ್ತೇ!

ನಾನು ರಾಮಗಿರಿಯವಳು. ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದ. ಹಳಿಯ ಉದ್ದಕ್ಕೂ ನಡೆಯುವಾಗ ಮಿರುಗುವ ಕಲ್ಲು ಕಂಡರೆ ಜೇಬಿಗೆ ಹಾಕಿಕೊಂಡು ಬರುತ್ತಿದ್ದ. ಆ ಕಲ್ಲುಗಳ ದೆಸೆಯಿಂದ ಚಿತ್ರದುರ್ಗದ ಕಾಲೇಜಿನಲ್ಲಿ ಭೂವಿಜ್ಞಾನ ಓದಿದೆ. ಪೇಪರಿನಲ್ಲಿ ಬಂದ ಜಾಹೀರಾತಿಗೆ ಅರ್ಜಿ ಹಾಕಿ, ತೊಂಬತ್ತರ ದಶಕದ ನಡುವೆ ಹಿಮಾಲಯದ ಬುಡದ ಒಂದು ಊರಿಗೆ ಬಂದು ಬಿದ್ದೆ. ಪಳೆಯುಳಿಕೆಗಳನ್ನು, ಅಂದರೆ ಕಲ್ಲಾಗಿ ಉಳಿದ ಹಳೆಯ ಜೀವಗಳನ್ನು, ಕೂಡಿಡುವ ಕಚೇರಿ. ನನ್ನದು ಸಹಾಯಕಿಯ ಕೆಲಸ: ತೊಳೆಯುವುದು, ನಂಬರು ಹಾಕುವುದು, ಡ್ರಾಯರಿನಲ್ಲಿ ಜೋಡಿಸುವುದು. ಕಚೇರಿಯ ಹೆಸರು ಹೇಳುವುದಿಲ್ಲ. ಸಿಟ್ಟಿನಲ್ಲಿರುವಾಗ ಹೆಸರು ಹಿಡಿದು ಬೈಯಬಾರದು ಎಂದು ಅಪ್ಪ ಹೇಳುತ್ತಿದ್ದ. ಅವನು ಹೇಳಿದ್ದರಲ್ಲಿ ಅದೊಂದನ್ನಾದರೂ ಪಾಲಿಸುತ್ತಿದ್ದೇನೆ.

ಇರಲು ಸಿಕ್ಕಿದ್ದು ಬರ್ಸಾತಿ. ತಾರಸಿಯ ಮೇಲೆ ಕಟ್ಟಿದ ಒಂಟಿ ಕೋಣೆಗೆ ಇಲ್ಲಿ ಹಾಗೆನ್ನುತ್ತಾರೆ. ಬೇಸಿಗೆಯಲ್ಲಿ ಹಂಚಿನ ಮೇಲಿನ ರೊಟ್ಟಿಯ ಪಾಡು, ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯೊಳಗೆ ಕಲ್ಲಾಗಿರುತ್ತಿತ್ತು. ಮನೆಯೊಡತಿ ಮೊದಲ ದಿನವೇ ನನಗೆ "ಮದ್ರಾಸಿ" ಎಂದು ಹೆಸರಿಟ್ಟಳು. ಮದ್ರಾಸನ್ನು ನಾನು ಕಂಡೇ ಇಲ್ಲ ಎಂದು ಹರಕು ಹಿಂದಿಯಲ್ಲಿ ಹೇಳಿದರೆ, "ಎಲ್ಲ ಕೆಳಗಿನದೇ ಅಲ್ಲವಾ" ಎಂದಳು. ಹಿರಿಯೂರಿನವರ ಮಾತೇ ಬೇರೆ, ಹೊಸದುರ್ಗದವರ ಮಾತೇ ಬೇರೆ ಎಂದು ವಾದ ಹೂಡುವ ಸೀಮೆಯವಳು ನಾನು. ಇಡೀ ದಕ್ಷಿಣವನ್ನು ಒಂದೇ ಚೀಲಕ್ಕೆ ತುಂಬಿದ್ದು ಕೇಳಿ ಮೈ ಉರಿಯಿತು.

ಊಟದ್ದು ಇನ್ನೊಂದು ಗೋಳು. ಮೂರು ಹೊತ್ತೂ ಗೋಧಿ. ಎರಡನೇ ವರ್ಷ, ಗುಡ್ಡದ ಹಳ್ಳಿಯಿಂದ ಇಳಿದು ಬಂದ ಹೆಂಗಸೊಬ್ಬಳು ಸಂತೆಯಲ್ಲಿ ಕಂದು ಹಿಟ್ಟು ಮಾರುತ್ತಿದ್ದಳು. ಏನಿದು ಎಂದರೆ "ಮಂಡುವಾ" ಎಂದಳು. ಚಿಟಿಕೆ ಬಾಯಿಗೆ ಹಾಕಿಕೊಂಡೆ, ರಾಗಿ! ನಡುಬೀದಿಯಲ್ಲಿ ನಿಂತು ಅತ್ತೆ. ಅಂದು ಮುದ್ದೆ ಕಟ್ಟಿ, ಹುರುಳಿ ಸಿಗದೆ ಅವರ ರಾಜ್ಮಾವನ್ನೇ ಬಸಿದು ಸಾರು ಮಾಡಿ ಉಂಡೆ. ಮನೆಯೊಡತಿ ಇಣುಕಿ ನೋಡಿ "ಹಲ್ವಾ ಕೆಟ್ಟುಹೋಯಿತಾ?" ಎಂದು ಕನಿಕರಪಟ್ಟಳು. ಆ ಊರಿನ ಪೇಟೆಯವರು ರಾಗಿಯನ್ನು ಬಡವರ ಕಾಳೆಂದು ಮೂಗು ಮುರಿಯುತ್ತಾರೆ. ಅದಕ್ಕೂ ನನಗೆ ಸಿಟ್ಟೇ.

ಕೆಲಸ ಮಾತ್ರ ಹಿಡಿಸಿತು. ನಮ್ಮ ದುರ್ಗದ ಕಲ್ಲುಗಳಲ್ಲಿ ಒಂದು ಚಿಪ್ಪೂ ಸಿಗುವುದಿಲ್ಲ. ಅವು ಹುಟ್ಟಿದಾಗ ಚಿಪ್ಪಿರುವ ಜೀವವೇ ಭೂಮಿಯ ಮೇಲಿರಲಿಲ್ಲ. ಇಲ್ಲಿ ಬಂದರೆ ಡ್ರಾಯರು ತುಂಬ ಬಸವನಹುಳು. ಹೆಚ್ಚಿನವು ಬರೀ ಒಳಗಿನ ಅಚ್ಚು: ಚಿಪ್ಪು ಕರಗಿಹೋಗಿ, ಅದರೊಳಗೆ ತುಂಬಿಕೊಂಡ ಕೆಸರು ಮಾತ್ರ ಕಲ್ಲಾಗಿ ಉಳಿದದ್ದು. ಅಂಥವನ್ನು ಗುರುತಿಸುವುದು ಮುಖ ಮುಚ್ಚಿಕೊಂಡವರನ್ನು ಬೆನ್ನು ನೋಡಿ ಗುರುತಿಸಿದ ಹಾಗೆ. ಸುರುಳಿ ಎಷ್ಟು, ಎಡಕ್ಕೋ ಬಲಕ್ಕೋ, ಮೇಲೆ ಗೆರೆಗಳುಂಟೋ ಎಂದು ಒಂದೊಂದನ್ನೂ ನೋಡಬೇಕು. ಎಲ್ಲಕ್ಕಿಂತ ದೊಡ್ಡದು ಚೀಟಿ. ಕಲ್ಲು ಹೆಕ್ಕಿದ ಜಾಗ ಬಿಟ್ಟು ಏಳುವ ಮೊದಲೇ ಸಿಕ್ಕ ಜಾಗ, ಪದರ, ಹೆಕ್ಕಿದವರು ಯಾರು ಎಂದು ಬರೆಯಬೇಕು. ಚೀಟಿ ಇಲ್ಲದ ಕಲ್ಲು ಜಲ್ಲಿಗೆ ಸಮ ಎಂದು ಸರ್ ಹೇಳುತ್ತಿದ್ದರು. ಅವರಿಂದ ಕಲಿತದ್ದು ಬಹಳ, ಅದನ್ನು ಇಲ್ಲವೆನ್ನುವುದಿಲ್ಲ.

ಮೂರನೇ ಬೇಸಿಗೆ ಪಿನ್ ಕಣಿವೆಯಲ್ಲಿ ನಿಂಬೆಹಣ್ಣಿನ ಗಾತ್ರದ ಒಂದು ಬಸವನಹುಳು ನನಗೆ ಸಿಕ್ಕಿತು, ಚಿಪ್ಪಿನ ಸಮೇತ. ಊರಿಗೆ ತಂದು ಓರೆ ಬೆಳಕಿನಲ್ಲಿ ಹಿಡಿದರೆ ಕೊನೆಯ ಸುರುಳಿಯ ನಡುವೆ ಸಣ್ಣ ಪಟ್ಟಿ ಕಂಡಿತು. ಕೆಲವು ಹುಳುಗಳ ಚಿಪ್ಪಿನ ಬಾಯಲ್ಲಿ ಸೀಳು ಇರುತ್ತದೆ. ಹುಳು ಬೆಳೆದಂತೆಲ್ಲ ಹಿಂದಿನ ಸೀಳು ಮುಚ್ಚಿ ಪಟ್ಟಿಯಾಗಿ ಉಳಿಯುತ್ತದೆ. ಪಟ್ಟಿ ಇದ್ದರೆ ಒಂದು ಕುಲ, ಇಲ್ಲದಿದ್ದರೆ ಬೇರೆಯೇ ಕುಲ. ಸರ್ ಆ ಪದರದ ಹುಳುಗಳಿಗೆಲ್ಲ ಪಟ್ಟಿ ಇಲ್ಲವೆಂದು ಆಗಲೇ ಬರೆದು ಅಚ್ಚು ಹಾಕಿಸಿದ್ದರು. ನಾನು ಕಲ್ಲು ಹಿಡಿದು ಹೋದೆ. ಅವರು ಭೂತಗನ್ನಡಿಯನ್ನೂ ಎತ್ತಿಕೊಳ್ಳಲಿಲ್ಲ.

"ಬಿರುಕು ಅದು" ಎಂದರು.

"ಒಂದು ಫೋಟೋ ತೆಗೆಸೋಣ ಸರ್."

"ಬಿರುಕಿಗೆ ಫಿಲ್ಮ್ ದಂಡ ಮಾಡುವುದಿಲ್ಲ. ನಿಮ್ಮ ಕಡೆಯ ಕಲ್ಲಿನಲ್ಲಿ ಒಂದು ಹುಳುವೂ ಇಲ್ಲ. ನೀನು ನನಗೆ ಬಸವನಹುಳು ಕಲಿಸುತ್ತೀಯಾ?"

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಆ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಆಮೇಲೆ ನಾನು ಮಾಡಿದ್ದು ತಪ್ಪು. ಮುಂದಿನ ಯುಗಾದಿಗೆ ರಜೆ ಹಾಕಿದಾಗ, ರಿಜಿಸ್ಟರಿನಲ್ಲಿ ಬರೆಯದೆ ಆ ಕಲ್ಲನ್ನು ಬ್ಯಾಗಿಗೆ ಹಾಕಿಕೊಂಡು ಊರಿಗೆ ಹೊರಟೆ. ಕಾಲೇಜಿನಲ್ಲಿ ನನಗೆ ಕಲಿಸಿದ ಮೇಷ್ಟ್ರು ನಿವೃತ್ತರಾಗಿ ಹಿರಿಯೂರಿನಲ್ಲಿದ್ದರು. ಅವರು ನೋಡಿ, ಪಟ್ಟಿ ಇದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಸಾಕಿತ್ತು. ಅದನ್ನು ಹಿಡಿದು ಸರ್ ಮುಂದೆ ನಿಲ್ಲಬೇಕೆಂದು ಮೂರು ದಿನದ ಪ್ರಯಾಣದ ಉದ್ದಕ್ಕೂ ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಹಬ್ಬಕ್ಕೆ ಎರಡು ದಿನವಿತ್ತು. ಕಲ್ಲನ್ನು ಬಟ್ಟೆ ಬಿಚ್ಚಿ ಗೂಡಿನಲ್ಲಿಟ್ಟು, ಮೇಷ್ಟ್ರಿಗೆ ಫೋನು ಮಾಡಲು ಬೆಳಗಿನ ಬಸ್ಸಿಗೆ ಹೊಳಲ್ಕೆರೆಗೆ ಹೋದೆ. ತಮ್ಮನ ಮಕ್ಕಳಿಗೆ ಬಟ್ಟೆ, ಅದು ಇದು ಎಂದು ಪೇಟೆಯಲ್ಲಿ ಸುತ್ತಿ ಬರುವಾಗ ಹೊತ್ತು ಇಳಿದಿತ್ತು. ಹಿತ್ತಲಲ್ಲಿ ಅವ್ವ ಹಿತ್ತಾಳೆ ದೀಪ, ತಂಬಿಗೆಗಳನ್ನು ಹುಣಸೆ ನೀರಲ್ಲಿ ನೆನೆಹಾಕಿ, ಇಟ್ಟಿಗೆ ಪುಡಿ ಹಾಕಿ ತೆಂಗಿನ ನಾರಿನಿಂದ ಉಜ್ಜಿ, ಸಾಲಾಗಿ ಒಣಗಲು ಇಟ್ಟಿದ್ದಳು. ಸಾಲಿನ ಕೊನೆಯಲ್ಲಿ ಬೆಳ್ಳಗೆ, ನುಣ್ಣಗೆ ನನ್ನ ಬಸವನಹುಳು ಕೂತಿತ್ತು.

ಅದು ಸುಣ್ಣದ ಕಲ್ಲು. ಹುಳಿ ಬಿದ್ದರೆ ಕರಗುತ್ತದೆ. ಓರೆ ಹಿಡಿದೆ, ಬಿಸಿಲಿಗೆ ಹಿಡಿದೆ, ಭೂತಗನ್ನಡಿ ತಂದೆ. ಪಟ್ಟಿ ಇರಲಿಲ್ಲ. ಗೆರೆಯೂ ಇರಲಿಲ್ಲ.

"ಏನ್ ಮಾಡ್ದೆ ಅವ್ವ!" ಎಂದು ಕಿರುಚಿದೆ.

"ಯಾಕವ್ವ, ಶಂಖದಂಗೈತಲ್ಲ, ದೇವ್ರ ತಾವಿಕ್ಕಾಣ ಅಂತ ತೊಳ್ದೆ. ಕರ್ರಗಿತ್ತು ನೋಡು, ಈಗ ಹೆಂಗ್ ಹೊಳೀತೈತೆ" ಎಂದಳು, ಮೆಚ್ಚುಗೆಗೆ ಕಾಯುತ್ತ.

ನಾನು ಬೈದದ್ದನ್ನು ಇಲ್ಲಿ ಬರೆಯಲಾರೆ. ದಡ್ಡಿ ಎಂದೆ, ಹಳ್ಳಿ ಗುಗ್ಗು ಎಂದೆ. ಸರ್ ಕೋಣೆಯಲ್ಲಿ ನಕ್ಕವರು ನನ್ನ ಬಗ್ಗೆ ಏನು ಅಂದುಕೊಂಡಿದ್ದರೋ ಅದನ್ನೇ ಅವಳಿಗೆ ಅಂದೆ. ಅವ್ವ ಏನೋ ಹೇಳಲು ಬಾಯಿ ತೆರೆದಳು. ನಾನು ಬಿಡಲಿಲ್ಲ. ಕೈಯಲ್ಲಿದ್ದ ನಾರನ್ನು ಕೆಳಗಿಟ್ಟು ಒಳಗೆ ಹೋದಳು. ಆ ಯುಗಾದಿಯಲ್ಲಿ ನಮ್ಮ ಮನೆಯಲ್ಲಿ ಎಲ್ಲರೂ ಬೇವನ್ನೇ ತಿಂದೆವು.

ಹಬ್ಬ ಮುಗಿದ ಮರುದಿನ ಹಿರಿಯೂರಿಗೆ ಹೋದೆ.

"ಬಾರಮ್ಮ ರೇಣುಕಾ, ಕುಂತ್ಕ" ಎಂದು ಮೇಷ್ಟ್ರು ಕಿಟಕಿಯ ಬಳಿ ಕುರ್ಚಿ ಎಳೆದರು. ನಡೆದದ್ದನ್ನೆಲ್ಲ ಹೇಳಿದೆ. ಕಲ್ಲನ್ನು ಬಹಳ ಹೊತ್ತು ನೋಡಿದರು. ನಾನು ಪೆನ್ಸಿಲಿನಲ್ಲಿ ಬರೆದುಕೊಂಡಿದ್ದ ಚಿತ್ರವನ್ನೂ ನೋಡಿದರು.

"ನೀನು ಸುಳ್ಳು ಹೇಳೋಳಲ್ಲ. ಪಟ್ಟಿ ಇತ್ತು ಅಂತ ನಂಬ್ತೀನಿ" ಎಂದರು.

"ಹಾಗಾದರೆ ನೋಡಿದೆ ಅಂತ ಬರೆದುಕೊಡಿ ಮೇಷ್ಟ್ರೇ."

"ನಂಬಿದೀನಿ ಕಣಮ್ಮ. ನೋಡಿಲ್ಲ. ನೋಡಿದೀನಿ ಅಂತ ಹೆಂಗ್ ಬರ್ಕೊಡ್ಲಿ?"

ನನ್ನವರು ಎಂದು ಅಷ್ಟು ದೂರದಿಂದ ಬಂದರೆ ಇವರೂ ಹೀಗೆಯೇ ಎಂದು ಅವರ ಮೇಲೂ ಉರಿದುಬಿದ್ದೆ. ಕಾಫಿ ಕುಡಿಯದೆ ಎದ್ದೆ. ಬಸ್ಸು ದುರ್ಗ ದಾಟುವ ಹೊತ್ತಿಗೆ, ಅವರು ಬರೆದುಕೊಟ್ಟಿದ್ದರೆ ನಾನೇ ಆಮೇಲೆ ಅವರನ್ನು ಗೌರವಿಸುತ್ತಿರಲಿಲ್ಲ ಎಂದು ಅನ್ನಿಸಿತು. ಅನ್ನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಕಚೇರಿಗೆ ಮರಳಿ ಆ ಕಲ್ಲನ್ನು ಸದ್ದಿಲ್ಲದೆ ಡ್ರಾಯರಿನಲ್ಲಿ ಇಟ್ಟುಬಿಡಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ, ಸರ್ ಪಾಲಿಗೆ ಅದರಲ್ಲಿ ಪಟ್ಟಿಯೇ ಇರಲಿಲ್ಲವಲ್ಲ. ಆದರೆ ಸುಮ್ಮನಿಟ್ಟರೆ ಪಟ್ಟಿ ಇತ್ತು ಎಂಬ ಮಾತೂ ಅಲ್ಲಿಗೆ ಮಣ್ಣಾಗುತ್ತಿತ್ತು. ಹೊಸ ಚೀಟಿ ಬರೆದೆ. ಸಿಕ್ಕ ಜಾಗ ಪಿನ್ ಕಣಿವೆ. ಷರಾ: ಸಹಾಯಕಿ ಅನುಮತಿಯಿಲ್ಲದೆ ಊರಿಗೆ ಒಯ್ದಿದ್ದರಿಂದ, ರಾಮಗಿರಿಯಲ್ಲಿ ಹುಣಸೆ ನೀರಿನಲ್ಲಿ ತೊಳೆದು, ಕೊನೆಯ ಸುರುಳಿಯ ಸೀಳುಪಟ್ಟಿ ಅಳಿಸಿಹೋಗಿದೆ. ಕೆಳಗೆ ಸಹಿ ಹಾಕಿ ಸರ್ ಮೇಜಿನ ಮೇಲಿಟ್ಟೆ.

ಅವರು ಎರಡು ಸಲ ಓದಿದರು. "ಒಯ್ದದ್ದು ತಪ್ಪು, ಅದು ಇರಲಿ. ಪಟ್ಟಿ ಅನ್ನುವ ಮಾತು ಹೊಡೆದುಹಾಕು. ಇಲ್ಲದ್ದು ಹೇಗೆ ಅಳಿಸಿಹೋಗುತ್ತದೆ?"

"ಹೊಡೆದುಹಾಕುವುದಿಲ್ಲ ಸರ್."

"ಕಂಡವರು ಯಾರು?"

"ನಾನು."

"ಇನ್ನೊಬ್ಬರು?"

ಚೀಟಿ ಹಾಗೆಯೇ ಉಳಿಯಿತು, ಅದರ ಪಕ್ಕದಲ್ಲಿ ಸರ್ ಕೆಂಪು ಮಸಿಯಲ್ಲಿ "ಸಾಕ್ಷಿ ಇಲ್ಲ" ಎಂದು ಬರೆದರು. ನನಗೊಂದು ಮೆಮೊ ಬಂತು. ಆ ಬೇಸಿಗೆ ಸ್ಪಿತಿಗೆ ಹೊರಟ ಜೀಪಿನಲ್ಲಿ ನನಗೆ ಜಾಗ ಸಿಗಲಿಲ್ಲ. ಮುಂದಿನ ಬೇಸಿಗೆಗಳಲ್ಲೂ ಸಿಗಲಿಲ್ಲ. ಬೇರೆಯವರು ಹೆಕ್ಕಿ ತಂದದ್ದನ್ನು ತೊಳೆದು ನಂಬರು ಹಾಕುತ್ತ ಎರಡು ಸಾವಿರದ ಇಸವಿ ದಾಟಿಸಿದೆ. ಹಿಂದಿ ಈಗ ಸಲೀಸು. ಮನೆಯೊಡತಿ ನನ್ನ ಕೈಯ ಮುದ್ದೆಯನ್ನು ಕೇಳಿ ತಿನ್ನುತ್ತಾಳೆ. ರಾಮಗಿರಿಗೆ ಹೋದರೆ ಮಕ್ಕಳು ನನ್ನ ಮಾತಿಗೆ ನಗುತ್ತವೆ, ಇಲ್ಲಿ ನಾನಿನ್ನೂ ಮದ್ರಾಸಿ. ಅವ್ವನ ಜೊತೆ ಮಾತು ಬಿಟ್ಟಿರಲಿಲ್ಲ, ಆದರೆ ಆ ಕಲ್ಲಿನ ಸುದ್ದಿ ಎತ್ತಲು ನಾನು ಅವಳಿಗೆ ಬಿಡುತ್ತಿರಲಿಲ್ಲ.

ಮೊನ್ನೆ ತಮ್ಮನ ಮನೆಯಿಂದ ಫೋನು ಮಾಡಿ ಅವಳೇ ಆ ಸುದ್ದಿ ಎತ್ತಿದಳು.

"ರೇಣಿ, ಆ ಕಲ್ಲು ಇನ್ನೂ ಅಲ್ಲೇ ಐತಾ?"

"ಐತೆ. ಅದರಲ್ಲಿ ಪಟ್ಟಿ ಇತ್ತು ಅಂತ ಇಲ್ಲಿ ಯಾರೂ ನಂಬಲ್ಲ. ಬಿಡು ಅದನ್ನ."

"ನಂಬ್ದೆ ಏನು? ಇತ್ತಲ್ಲ ಕಣೆ. ಉಜ್ಜುವಾಗ ಬೆರಳಿಗೆ ತಗುಲ್ತಿತ್ತು, ನಡುವಿಗೆ ಉಡದಾರ ಕಟ್ಟಿದಂಗೆ. ಅಳ್ಳಾಡದಂಗೆ ಕುಂತಿತ್ತು. ಮಣ್ಣು ಅಂದ್ಕಂಡು ಅಲ್ಲೇ ಜಾಸ್ತಿ ತಿಕ್ಕಿದೆ."

ಆಗಲೂ ನನ್ನ ಬಾಯಿಂದ ಬಂದದ್ದು ಬೈಗುಳವೇ. "ಆವತ್ತೇ ಹೇಳೋಕೆ ಏನಾಗಿತ್ತು ನಿಂಗೆ?"

"ನೀನೆಲ್ಲಿ ಕೇಳ್ದೆ? ಬೈದೆ ಅಷ್ಟೆ."

ಮರುದಿನ ರಿಜಿಸ್ಟರು ತೆಗೆದು ಸರ್ ಬಳಿ ಹೋದೆ. ಕಂಡ ಇನ್ನೊಬ್ಬರು ಇದ್ದಾರೆ, ಹೆಸರು ಸೇರಿಸುತ್ತೇನೆ ಎಂದೆ. ಯಾರು, ಏನು ಓದಿದ್ದಾರೆ ಎಂದು ಕೇಳಿದರು. ನನ್ನ ಅವ್ವ, ಓದಿದವಳಲ್ಲ ಎಂದು ಹೇಳಿದೆ. ಅವರು ನಗಲಿಲ್ಲ, ರಿಜಿಸ್ಟರನ್ನು ಮುಚ್ಚಿ ನನ್ನ ಕೈಗೆ ಕೊಟ್ಟರು. ಆ ಪುಸ್ತಕದಲ್ಲಿ ಬರೆಯಲು ಬಿಡಲಿಲ್ಲ. ಅದಕ್ಕೇ ನಮ್ಮವರು ಓದುವ ಕನ್ನಡದಲ್ಲಿ, ಇಲ್ಲಿ ಬರೆಯುತ್ತಿದ್ದೇನೆ: ಪಟ್ಟಿ ಇತ್ತು. ಮುಟ್ಟಿ ಕಂಡವರು ಹನುಮಕ್ಕ, ರಾಮಗಿರಿ.